ಭಾವ ಇಲ್ಲದ ಪುಸ್ತಕ

ಅಣ್ಣನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಜಾಗದಲ್ಲಿ ನುಣುಪಾದ, ಬಿಳಿಚಿದ ಚರ್ಮವಿತ್ತು. ಪುಸ್ತಕ ಎತ್ತಿ ಹಿಡಿದಾಗ ನಮಗೆ ಎದುರಾಗಿ ಕಾಣುತ್ತಿದ್ದದ್ದು ಆ ಬೆರಳೇ.

ಗಲ್ಫಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದಲ್ಲಿ ನಾವು ಮೂವರು ಒಂದು ಕೋಣೆ ಹಂಚಿಕೊಂಡಿದ್ದೆವು: ಪಡುಬಿದ್ರಿಯ ಡ್ರೈವರ್, ನಾನು, ನಾವಿಬ್ಬರೂ ಅಣ್ಣ ಎಂದು ಕರೆಯುತ್ತಿದ್ದ ಆ ಹಿರಿಯರು. ನನಗೆ ಟೈಫಾಯ್ಡ್ ಬಂದಾಗ ಹೆಗಲು ಕೊಟ್ಟು ಕ್ಲಿನಿಕ್ಕಿಗೆ ನಡೆಸಿದವರು, ಗಂಜಿತಿಳಿ ಕುಡಿಸಿದವರು ಅವರು. ಇದನ್ನು ಮೊದಲೇ ಹೇಳಬೇಕು.

ಊರಿಗೆ ಹೊರಟ ಕುಟುಂಬವೊಂದು ಮೆಟ್ಟಿಲ ಕೆಳಗೆ ಬಿಟ್ಟುಹೋದ ಪೆಟ್ಟಿಗೆಯಲ್ಲಿ ಅವರಿಗೆ ಆ ಪುಸ್ತಕ ಸಿಕ್ಕಿತ್ತು. ಬಹಳ ಹಳೆಯ ಇಂಗ್ಲಿಷ್ ಕೊಲೆ ಕಾದಂಬರಿ. ಕೊಂದವನು ಯಾರೆಂದು ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಮುಂದಿನದೆಲ್ಲ ಅವನ ಮನಸ್ಸಿನ ಕತೆ ಎಂದರು. ಶುಕ್ರವಾರದ ಊಟದ ನಂತರ ನೋಡಿ ನೋಡಿ ಕನ್ನಡದಲ್ಲಿ ಹೇಳುವರು. ನಾನೂ ಇಂಗ್ಲಿಷ್ ಓದಬಲ್ಲವನೇ, ಕೇಳುವುದೇ ಹಿತವಾಗಿತ್ತು.

ಕತೆಯಲ್ಲಿ ಒಬ್ಬನು ತನ್ನ ಭಾವನನ್ನು, ತಂಗಿಯ ಗಂಡನನ್ನು, ದೋಣಿಯಲ್ಲಿ ಕರೆದೊಯ್ಯುತ್ತಾನೆ. ಇಬ್ಬರೂ ಬೂತಾಯಿ ಮೀನು ಹುರಿದುಕೊಂಡು ಒಯ್ದಿರುತ್ತಾರೆ. ಡ್ರೈವರ್ ನಗುತ್ತಿದ್ದ.

"ಇಂಗ್ಲಿಷಿನವರಿಗೆ ಭಾವ ಅಂತ ಎಲ್ಲಿ ಉಂಟು ಅಣ್ಣ? ಬೂತಾಯಿಯೂ ಉಂಟಾ ಅಲ್ಲಿ?"

"ನಿನಗೆ ಅರ್ಥ ಆಗ್ಲಿಕ್ಕೆ ಹಾಗೆ ಮಾಡುದು ಮಾರಾಯ."

ಪ್ರತಿಸಲ ಮೊದಲಿನಿಂದ ಶುರುಮಾಡಿ, ದೋಣಿ ದಡ ಬಿಟ್ಟೊಡನೆ ಪುಸ್ತಕ ಮುಚ್ಚುವರು. "ಖಲಾಸ್. ಇವತ್ತಿಗೆ ಸಾಕು."

ಒಂದು ಶುಕ್ರವಾರ ಮಾತ್ರ ನಿಲ್ಲಿಸಲಿಲ್ಲ. ನೀರಿಗೆ ಬಿದ್ದ ಭಾವ ದೋಣಿಯ ಅಂಚು ಹಿಡಿಯುತ್ತಾನೆ. ಇವನು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ಅದನ್ನು ಹೇಳುವಾಗ ಅಣ್ಣ ತಮ್ಮ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದರು. ಕಣ್ಣು ಪುಸ್ತಕದ ಮೇಲಿರಲಿಲ್ಲ.

"ಸಿಕ್ಕಿಬಿದ್ದನಾ?" ಎಂದ ಡ್ರೈವರ್.

"ಇಲ್ಲ. ಆ ತಂಗಿಯ ಸಂಸಾರ ಅವನೇ ಸಾಕ್ತಾನೆ. ಅವಳು ಅವನ ಕಾಲು ಮುಟ್ಟಿ ನಮಸ್ಕಾರ ಮಾಡ್ತಾಳೆ. ಅದೇ ಅವನಿಗೆ ಶಿಕ್ಷೆ."

ಅದಾಗಿ ಸ್ವಲ್ಪ ಕಾಲಕ್ಕೆ ಅಣ್ಣ ಕೆಲಸದಲ್ಲೇ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡರು. ದೇಹ ಊರಿಗೆ ಹೋಯಿತು. ಸಾಮಾನು ಕಟ್ಟುವಾಗ ಪುಸ್ತಕ ತೆರೆದೆ. ಮೊದಲ ಅಧ್ಯಾಯದ ಮುಂದಿನ ಹಾಳೆಗಳು ಹಳೆಯ ತೇವಕ್ಕೆ ಅಂಟಿಕೊಂಡೇ ಇದ್ದವು, ಯಾರೂ ಬಿಡಿಸಿರಲಿಲ್ಲ. ಬ್ಲೇಡಿನಿಂದ ಕೆಲವನ್ನು ಬಿಡಿಸಿ ಓದಿದೆ. ಒಬ್ಬ ವೈದ್ಯ, ಅವನ ಹೆಂಡತಿ, ವಿಷ. ಸಮುದ್ರವಿಲ್ಲ, ದೋಣಿಯಿಲ್ಲ, ಭಾವನಿಲ್ಲ. ಅಣ್ಣ ಕತೆಯನ್ನು ತಾವೇ ಕಟ್ಟಿದ್ದಾರೆ ಎಂದುಕೊಂಡೆ.

ಮರುದಿನ ಅವರ ತಂಗಿ ಫೋನ್ ಮಾಡಿದರು. ಅವರು ವಿಧವೆ ಎಂದಷ್ಟೇ ನಮಗೆ ಗೊತ್ತಿತ್ತು.

"ನಮ್ಮವರು ದೋಣಿಯಿಂದ ಬಿದ್ದು ಹೋದ ಮೇಲೆ ಅಣ್ಣನೇ ನನಗೆ ದೇವರು. ಅವತ್ತು ಅವರನ್ನು ಎಳೀಲಿಕ್ಕೆ ಹೋಗಿ ಬೆರಳಿನ ಉಗುರೇ ಕಿತ್ತು ಬಂದಿತ್ತು ಅಣ್ಣನದ್ದು." ಆಮೇಲೆ ಕೇಳಿದರು, "ಕಡೆಗೆ ಏನಾದ್ರೂ ಹೇಳಿದ್ರಾ?"

ಒಂದು ಪುಸ್ತಕದಿಂದ ಕತೆ ಹೇಳುತ್ತಿದ್ದರು ಎಂದೆ.

"ಅದನ್ನು ಕಳಿಸ್ತೀರಾ? ಮಗ ಇಂಗ್ಲಿಷ್ ಓದ್ತಾನೆ. ಅಣ್ಣ ಹೇಳ್ತಿದ್ದ ಕತೆ ನಾನೂ ಕೇಳ್ಬೇಕು."

ಉಳಿದ ಹಾಳೆಗಳನ್ನೆಲ್ಲ ಬ್ಲೇಡಿನಿಂದ ಹರಿಯದಂತೆ ಬಿಡಿಸಿದೆ. ಅಂಚುಗಳನ್ನು ಬೆರಳಿನಿಂದ ತೀಡಿ ತೀಡಿ, ಅಣ್ಣ ಹೇಳುತ್ತಿದ್ದದ್ದು ಆ ವೈದ್ಯನ ಕತೆಯೇ ಎನ್ನುವಂತೆ, ಪೂರ್ತಿ ಓದಿದ ಪುಸ್ತಕದಂತೆ ಮಾಡಿದೆ. ಊರಿಗೆ ಹೊರಟವರ ಕೈಯಲ್ಲಿ ಕೊಟ್ಟು ಕಳಿಸಿದೆ.

ಗಂಜಿತಿಳಿಯ ಋಣಕ್ಕೆ ಅಣ್ಣನಿಗೆ ನಾನು ಮಾಡಿಕೊಟ್ಟದ್ದು ಅದೊಂದೇ.