ರತ್ನಕ್ಕನ ಗೋಡೌನಿನ ಊರುಗಳು

ನಾಗಸಂದ್ರದ ಆ ಗೋಡೌನಿನೊಳಗೆ ಕಾಲಿಟ್ಟರೆ ಮೊದಲು ಸಿಗುವ ಸಾಲು ಯಶವಂತಪುರ. ಅಲ್ಲಿ ದಿನವೂ ಬಿಕರಿಯಾಗುವ ನಲ್ಲಿಗಳಿವೆ. ಅದರಾಚೆ ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು. ಬೆಳಕು ಸರಿಯಾಗಿ ತಲುಪದ ಕೊನೆಯ ಮೂಲೆ ಗದಗ. ಯಾರಾದರೂ ಕೇಳಿದರೆ ಕೇಳಿದರು ಎನ್ನುವಂಥ ಹಳೇ ಸಾಮಾನು ಅಲ್ಲಿ ಧೂಳು ಹೊದ್ದು ಮಲಗಿದೆ.

ಈ ಊರುಗಳನ್ನೆಲ್ಲ ಅಲ್ಲಿಗೆ ತಂದವಳು ರತ್ನಕ್ಕ. ಗಂಡ ಫಕೀರಪ್ಪನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ, ಪುಟ್ಟ ಸ್ಮಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗದಗದಿಂದ ರೈಲಿನಲ್ಲಿ ಬಂದಿದ್ದಳು. ಗೋಡೌನಿಗೆ ಸೇರಿದ್ದು ಕಸ ಗುಡಿಸಲು. ಆಗ ಅಲ್ಲಿ ಪೈಪಿನ ಕೆಳಗೆ ನಲ್ಲಿ, ನಲ್ಲಿಯ ಕೆಳಗೆ ವಾಷರು; ಒಂದು ಸಾಮಾನು ಹುಡುಕುವಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳುತ್ತಿದ್ದ. ಗುಡಿಸುತ್ತ ಗುಡಿಸುತ್ತ ಅವಳು ಒಂದೊಂದನ್ನೇ ಜೋಡಿಸಿದಳು. ಜೋಡಿಸಿದ್ದು ನೆನಪಿರಬೇಕಲ್ಲ? ಅವಳಿಗೆ ಸಾಲಾಗಿ ಬಾಯಿಪಾಠ ಬರುತ್ತಿದ್ದದ್ದು ರೈಲಿನ ಕಿಟಕಿಯಲ್ಲಿ ಕಂಡ ನಿಲ್ದಾಣಗಳು ಮಾತ್ರ; ಅವೇ ಸಾಲುಗಳ ಹೆಸರಾದವು.

ಆಮೇಲೆ ಕಟ್ಟಳೆಗಳು ಬಂದವು. ಹೊಸ ಸರಕು ಹಿಂದಕ್ಕೆ, ಹಳೆಯದು ಮುಂದಕ್ಕೆ. ಇಲ್ಲವಾದರೆ ರಬ್ಬರು ಬಿರುಸಾಗುತ್ತದೆ, ಪೈಪಿಗೆ ಹಚ್ಚುವ ಅಂಟು ಡಬ್ಬಿಯಲ್ಲೇ ಒಣಗುತ್ತದೆ. ಒಡೆದ ಪೆಟ್ಟಿಗೆಗೆ ಹಳೇ ಸೀರೆಯ ಕೆಂಪು ಚಿಂದಿ ಕಟ್ಟಬೇಕು. ಅದು ಖಾಲಿಯಾಗುವ ತನಕ ಇನ್ನೊಂದನ್ನು ಮುಟ್ಟುವಂತಿಲ್ಲ. ಗೋಡೆಯ ಮೇಲೆ ಎಳೆದ ಸುಣ್ಣದ ಗೆರೆಗಿಂತ ರಾಶಿ ಕೆಳಗಿಳಿದರೆ ಮಾಲೀಕರಿಗೆ ಹೇಳಿ ತರಿಸಬೇಕು.

ಮಾಲೀಕ ಚನ್ನಕೇಶವ ಅಲ್ಲಿಯವನೇ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ತಗಡು ಹೊದಿಸಿ ಗೋಡೌನು ಕಟ್ಟಿದ್ದ. ಸ್ಟಾಕ್ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾರಲು ಒಬ್ಬ ಬಂದಾಗ ಅವನು, "ನಮ್ಗ್ಯಾಕಪ್ಪ ಅದೆಲ್ಲ? ರತ್ನಕ್ಕ ಅವ್ರೆ. ಅವ್ರು ಬರ್ಲಿಲ್ಲ ಅಂದ್ರೆ ಅವತ್ತು ಗೋಡೌನ್‌ಗೆ ಬೀಗನೇ!" ಎಂದು ನಕ್ಕಿದ್ದ. ಆ ಮಾತನ್ನು ರತ್ನಕ್ಕ ಆ ಸಂಜೆ ರೊಟ್ಟಿ ತಟ್ಟುತ್ತ ಫಕೀರಪ್ಪನಿಗೆ ಹೇಳಿದಳು. ಮರುದಿನ ಮತ್ತೊಮ್ಮೆ ಹೇಳಿದಳು.

ಈ ವರ್ಷ ಅದೇ ಮಾತು ಕಾಲಿಗೆ ತೊಡರಿಕೊಂಡಿತು.

ಗದಗಕ್ಕೇ ಮದುವೆಯಾಗಿ ಹೋಗಿದ್ದ ಸ್ಮಿತಾ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳು. ಆದರೆ ಡಾಕ್ಟರು, ಹಾಸಿಗೆ ಬಿಟ್ಟು ಏಳಬೇಡ, ಪ್ರಯಾಣದ ಮಾತೇ ಬೇಡ ಎಂದರು. ಮಗಳು ತವರಿಗೆ ಬರಲಾರಳೆಂದರೆ ತವರೇ ಮಗಳ ಬಳಿಗೆ ಹೋಗಬೇಕು. ಅತ್ತೆಯಿಲ್ಲದ ಮನೆ. ಫೋನಿನಲ್ಲಿ ಸ್ಮಿತಾ, "ಅಂಜಿಕಿ ಬರ್ತದವ್ವಾ" ಎಂದಿದ್ದಳು.

"ಎರಡ್ ತಿಂಗ್ಳು ರಜಾನಾ?" ಚನ್ನಕೇಶವ ಎದ್ದು ನಿಂತ. "ತಾಯೀ, ನೀವ್ ಹೋದ್ರೆ ಗೋಡೌನೂ ನಿಮ್ ಜೊತೆ ರೈಲ್ ಹತ್ತುತ್ತೆ."

"ಮುಜಫ್ಫರ್ ಅದಾನಲ್ರೀ."

"ಅವ್ನಾ? ಕೈಗಾಡಿ ಎಲ್ಲಿಟ್ಟೆ ಅಂತ್ಲೇ ದಿನಾ ಹುಡುಕ್ತಿರ್ತಾನೆ. ಒಂದ್ ಕೆಲ್ಸ ಮಾಡಿ. ನಾಳೆ ಗೇಟ್ ಹತ್ರ ಕೂತ್ಕೊಳ್ಳಿ, ಒಳಗ್ ಬರ್ಬೇಡಿ. ನಿಮ್ಮನ್ನ ಕರೀದೇ ಕೆಲ್ಸ ನಡೆದ್ರೆ ಹೋಗ್ಬನ್ನಿ. ಇಲ್ಲಾಂದ್ರೆ ವಾರದ ಮೇಲೆ ಬಿಡಕ್ಕಾಗಲ್ಲ ಕಣಮ್ಮ."

ಮುಜಫ್ಫರ್ ಲಾರಿಯಿಂದ ಸಾಮಾನು ಇಳಿಸುವವನು, ಆರ್.ಟಿ. ನಗರದವನು. ರತ್ನಕ್ಕ ಮರುದಿನ ಬೆಳಗ್ಗೆ ಬೇಗ ಬಂದು ಅವನಿಗೆ ಊರುಗಳನ್ನು ಮಗ್ಗಿಯಂತೆ ಹೇಳಿಕೊಟ್ಟಳು. ಅವನೂ ತಲೆಯಾಡಿಸಿದ. ವಿದ್ಯಾರಣ್ಯಪುರದ ಪ್ಲಂಬರ್ ಬಂದು ಪೈಪು ತಿರುಗುವಲ್ಲಿ ಹಾಕುವ ಹಿತ್ತಾಳೆಯ ಮೊಣಕೈ ಕೇಳಿದಾಗ ಒಳಗೆ ಹೋದ ಮುಜಫ್ಫರ್ ಪ್ಲಾಸ್ಟಿಕ್ಕಿನದು ತಂದ. ಮತ್ತೆ ಹೋಗಿ ಮುಚ್ಚಳ ತಂದ. ಮೂರನೆಯ ಸಲ ಒಳಗಿನಿಂದ ಕೂಗೇ ಬಂತು: "ರತ್ನಕ್ಕಾ! ಬೀರೂರ್ ಮುಂದಾ, ಕಡೂರ್ ಮುಂದಾ?"

ಚನ್ನಕೇಶವ ಅವಳತ್ತ ನೋಡಿ, "ಹೇಳ್ಲಿಲ್ವಾ ನಾನು?" ಎಂದ. ಅಕ್ಕರೆಯಿಂದಲೇ ಅಂದದ್ದು. ಆದರೂ ಅವಳಿಗೆ ಚುರುಕ್ಕೆಂದಿತು.

ಮಧ್ಯಾಹ್ನ ರತ್ನಕ್ಕನೂ ಮುಜಫ್ಫರನೂ ಗೇಟಿನ ನೆರಳಲ್ಲಿ ಬುತ್ತಿ ಬಿಚ್ಚಿದರು.

"ಬೈಬೇಡಿ ಅಕ್ಕಾ," ಎಂದ ಮುಜಫ್ಫರ್. "ತುಮಕೂರ್ ದಾಟಿ ನಾನು ಹೋಗೇ ಇಲ್ಲ. ಕಡೂರು ಅಂದ್ರೆ ನಿಮ್ ಕಣ್ಣಿಗೆ ಏನೋ ಕಾಣ್ಸುತ್ತೆ. ನಂಗೆ ಬರೀ ರ‍್ಯಾಕು ಕಾಣ್ಸುತ್ತೆ."

ನಿಜ. ಅಂದು ಕಡೂರಿನಲ್ಲಿ ಯಾರೋ ಒಬ್ಬಾಕೆ ರೈಲಿನ ಕಿಟಕಿಯಿಂದ ಸ್ಮಿತಾಳ ಕೈಗೆ ಪೇರಲೆ ಹಣ್ಣು ಇಟ್ಟಿದ್ದಳು. ಅದು ಮುಜಫ್ಫರನಿಗೆ ಹೇಗೆ ಕಂಡೀತು? ಸಾಲಿಗೊಂದು ಬೋರ್ಡು ಬರೆಸೋಣವೆಂದು ಚನ್ನಕೇಶವ ಹಿಂದೆ ಒಮ್ಮೆ ಕೇಳಿದ್ದ. "ಬ್ಯಾಡ ಬಿಡ್ರಿ, ನನಗ ಗೊತ್ತದಲ್ಲ" ಎಂದವಳು ಅವಳೇ. ಗೊತ್ತಿರುವುದು ತನಗೊಬ್ಬಳಿಗೇ ಎಂಬುದರಲ್ಲಿ ಎಂಥ ಸುಖವಿತ್ತು! ಆ ಸುಖವೇ ಈಗ ಬಾಗಿಲಿಗೆ ಅಡ್ಡ ಕುಳಿತಿತ್ತು.

"ನೀ ದಿನಾ ಬರೋ ದಾರಿ ಹೆಸರನ್ನ ಸಾಲಿಗೆ ಇಡೂಣೇನು?"

ಮುಜಫ್ಫರನ ಮುಖ ಅರಳಿತು. "ನಮ್ ಬಸ್ ರೂಟಾ? ದಾಸರಹಳ್ಳಿ, ಗೊರಗುಂಟೆಪಾಳ್ಯ, ಹೆಬ್ಬಾಳ, ಗಂಗಾನಗರ..."

"ಮತ್ತ ನೀ ಜ್ವರ ಬಂದ್ ಮಲ್ಕೊಂಡ್ರ?"

"ಮಾಲೀಕ್ರು ನನ್ ಬಸ್ ಹತ್ಕೊಂಡ್ ಬರ್ಲಿ!"

ನಗುತ್ತಲೇ ಅವಳ ಕಣ್ಣು ರಸ್ತೆಯಾಚೆ ಹೋಯಿತು. ಅಲ್ಲಿ ಪಂಕ್ಚರ್ ಹಾಕುವವನು ಬೋರ್ಡು ಬರೆಸಿರಲಿಲ್ಲ. ಕಂಬಕ್ಕೆ ಒಂದು ಹಳೇ ಟೈರು ನೇತುಹಾಕಿದ್ದ. ಯಾವ ಊರಿನವನೇ ಬರಲಿ, ಯಾವ ಭಾಷೆಯವನೇ ಬರಲಿ, ಗಾಡಿ ತಳ್ಳಿಕೊಂಡು ನೇರ ಅಲ್ಲಿಗೇ ಬರುತ್ತಿದ್ದ.

ಊಟ ಅರ್ಧಕ್ಕೆ ಬಿಟ್ಟು ಎದ್ದಳು.

ಸಂಜೆಯೊಳಗೆ ಪ್ರತಿ ಸಾಲಿನ ಕಂಬಕ್ಕೂ ಆ ಸಾಲಿನ ಒಂದೊಂದು ಸಾಮಾನು ತಂತಿಯಲ್ಲಿ ತೂಗಾಡುತ್ತಿತ್ತು: ನಲ್ಲಿ, ಮೊಣಕೈ, ಮುಚ್ಚಳ, ವಾಷರಿನ ಮಾಲೆ. ಕಡೂರಿನ ಕಂಬಕ್ಕೆ ತಂತಿ ಬಿಗಿಯುವಾಗ ಅವಳು ಕೊಂಚ ತಡೆದಳು. ಆಮೇಲೆ ಇಕ್ಕಳ ತಿರುಗಿಸಿದಳು.

ಮರುದಿನ ಅವಳು ಇನ್ನೊಮ್ಮೆ ಪರೀಕ್ಷೆಗೆಂದು ಗೇಟಿನ ಬಳಿ ಸ್ಟೂಲ್ ಹಾಕಿಕೊಂಡು ಕುಳಿತಳು. ಬೆಳಗಿನ ಗಿರಾಕಿಗಳು ಬಂದು ಹೋದರು. ಒಳಗಿನಿಂದ ಕೂಗು ಬರಲಿಲ್ಲ. ಮುಜಫ್ಫರ್ ಲಾರಿಯ ಮೇಲಿದ್ದಾಗ ಹೆಬ್ಬಾಳದ ಪ್ಲಂಬರೊಬ್ಬ ಓಡೋಡಿ ಬಂದು, ನೀರು ಸೋರಿ ಮನೆಯೆಲ್ಲ ಕೆರೆಯಾಗಿದೆ, ಒಂದು ವಾಲ್ವ್ ಕೊಡಿ ಎಂದ. ಚನ್ನಕೇಶವ ಅಭ್ಯಾಸದಂತೆ "ರತ್ನ..." ಎಂದವನು ಅಲ್ಲೇ ನಿಲ್ಲಿಸಿ, ಬಿಳಿ ಅಂಗಿಯ ತೋಳು ಮಡಚಿ ತಾನೇ ಒಳಗೆ ನುಗ್ಗಿದ. ಹೊರಬಂದಾಗ ಭುಜದ ಮೇಲೆ ಜೇಡರಬಲೆ, ಕೈಯಲ್ಲಿ ವಾಲ್ವ್.

"ಸಿಕ್ತು ಕಣ್ರೀ! ನಾನೇ ಹುಡುಕ್ದೆ!"

"ಹೊಸಾ ಪೆಟ್ಟಿಗಿ ಒಡದ್ರೇನ್ರೀ?"

"ಇಲ್ಲಮ್ಮ, ಚಿಂದಿ ಕಟ್ಟಿರೋದ್ರಿಂದ್ಲೇ ತೆಗ್ದೆ." ಕೈಯ ಧೂಳು ಕೊಡವಿಕೊಳ್ಳುತ್ತ, "ಹೋಗ್ಬನ್ನಿ, ಬಾಣಂತನ ಮುಗಿಸ್ಕೊಂಡೇ ಬನ್ನಿ. ಇಲ್ಲಿ ನಾವ್ ನೋಡ್ಕೋತೀವಿ" ಎಂದ.

ಎಷ್ಟು ಹಗುರವಾಗಿ ಅಂದುಬಿಟ್ಟ! ಅವಳಿಗೆ ಸಂತೋಷವಾಯಿತು. ಜೊತೆಗೆ, ಬಹಳ ಹೊತ್ತು ಎತ್ತಿಕೊಂಡಿದ್ದ ಮಗುವನ್ನು ಇಳಿಸಿದ ಮೇಲೂ ಸೊಂಟ ಒಂದು ಕಡೆಗೆ ವಾಲಿರುತ್ತದಲ್ಲ, ಹಾಗೂ ಆಯಿತು.

ಸ್ಮಿತಾಳಿಗೆ ಫೋನು ಹಚ್ಚಿದಳು. ಅಷ್ಟರಲ್ಲಿ ಒಳಗೆ ಚನ್ನಕೇಶವನೂ ಮುಜಫ್ಫರನೂ, ಲಾರಿಯಿಂದ ಇಳಿದದ್ದನ್ನು ಎಲ್ಲಿಡಬೇಕೆಂದು ಜಗಳಕ್ಕೆ ಬಿದ್ದಿದ್ದರು. ರತ್ನಕ್ಕ ಸ್ಟೂಲಿನಿಂದ ಅರ್ಧ ಎದ್ದಳು. ಮತ್ತೆ ಕುಳಿತಳು.

"ಏನವ್ವಾ ಅದು ಗದ್ದಲಾ?" ಎಂದಳು ಮಗಳು.

"ಏನಿಲ್ಲ ಬಿಡು, ಅವ್ರ ಕೆಲಸ. ನಾ ಬರಾಕತ್ತೀನಿ, ನೀ ಏಳಬ್ಯಾಡ."