ಕವಿಗಳಿಗೆ ಸೊಪ್ಪು ತೋರಿಸುವ ರುದ್ರಮ್ಮ

ಬೆಳಗಿನ ಐದೂವರೆ. ಬಿಳಿಗೆರೆಯ ನಾಲೆಯಾಚೆಗಿನ ಹೊಲದ ಬದುವಿನ ಮೇಲೆ ರುದ್ರಮ್ಮ ಕುಕ್ಕರಗಾಲಲ್ಲಿ ಕೂತು ಸೊಪ್ಪು ಚಿವುಟುತ್ತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡಿದ್ದಾರೆ. ಕುಡುಗೋಲು ಮುಟ್ಟುವುದಿಲ್ಲ. ಹೆಬ್ಬೆರಳಿನ ಉಗುರೇ ಅವರ ಕತ್ತಿ. ಅಣ್ಣೆ, ಗಣಿಕೆ, ಕೀರೆ, ಹೊನಗೊನೆ, ಗೋಣಿ, ಕನ್ನೆ, ಹೀಗೆ ಯಾರೂ ಬಿತ್ತದೆ ಬೆಳೆಯುವ ಹದಿನೈದು ಇಪ್ಪತ್ತು ಬಗೆಯ ಎಲೆ ಸೇರಿದರೆ ಅದು ಬೆರಕೆ ಸೊಪ್ಪು. ಮುದ್ದೆಯ ಜೊತೆ ಅದರ ಮಸ್ಸೊಪ್ಪು ಇದ್ದರೆ ಈ ಸೀಮೆಯ ಜನಕ್ಕೆ ಬೇರೆ ಹಬ್ಬ ಬೇಕಿಲ್ಲ.

ಹಿಡಿ ತುಂಬಿದ ಮೇಲೆ ಮಡಿಲಿಗೆ ಹಾಕುವ ಮುಂಚೆ ಒಮ್ಮೆ ಮೂಗಿನ ಹತ್ತಿರ ತರುವುದು ರುದ್ರಮ್ಮನವರ ರೂಢಿ. ಮಡಿಲು ಅರ್ಧ ತುಂಬಿರುವಾಗ ಆ ಕೈ ಮೂಗಿನ ಹತ್ತಿರವೇ ನಿಂತುಬಿಡುತ್ತದೆ. ಮತ್ತೆ ಮೂಸುತ್ತಾರೆ. ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಹೋಗಿ ಅಲ್ಲಿನ ಎಲೆಯನ್ನೂ ಕಿತ್ತು ಮೂಸುತ್ತಾರೆ. ಆಮೇಲೆ ಎದ್ದು ನಿಂತು ಇಡೀ ಮಡಿಲನ್ನು ಬದುವಿಗೆ ಕೊಡವುತ್ತಾರೆ.

“ಔಸ್ದಿ ಒಡ್ದವ್ರಲ್ಲಪ್ಪ, ಇವ್ರ ಮನೆ ಆಳಾಗ! ಈಗ್ಲೇ ಒಡೀಬೇಕಿತ್ತಾ?”

ಔಷಧಿ ಅಂದರೆ ಕಳೆನಾಶಕ. ಅದನ್ನು ಹೊಡೆದ ಕೂಡಲೇ ಗಿಡ ಒಣಗುವುದಿಲ್ಲ. ನಾಲ್ಕೈದು ದಿನ ಏನೂ ಆಗದ ಹಾಗೆ ಹಸಿರಾಗಿ ನಿಂತಿರುತ್ತದೆ. ನೋಡುವ ಕಣ್ಣಿಗೆ ಸೊಪ್ಪು, ತಿಂದವರಿಗೆ ವಿಷ. ಮೂಗು ಚುರುಕಾಗಿದ್ದವರಿಗೆ ಮಾತ್ರ ಅದರ ಗುಟ್ಟು ಗೊತ್ತಾಗುತ್ತದೆ.

“ಈಗ್ಲೇ” ಅಂತ ರುದ್ರಮ್ಮ ಸಿಡುಕಿದ್ದಕ್ಕೂ ಕಾರಣವಿದೆ. ಇದೇ ಹೊಲದಲ್ಲಿ ಇವತ್ತು ಒಂಬತ್ತು ಗಂಟೆಗೆ ‘ಹಸಿರು ಕಾವ್ಯ ಕಮ್ಮಟ’ ಶುರುವಾಗುತ್ತದೆ. ಟಿ. ನರಸೀಪುರದ ಸಾಹಿತ್ಯ ಬಳಗವೊಂದು ಪ್ರತಿ ಶ್ರಾವಣದಲ್ಲಿ ನಡೆಸುವ, ಪ್ರಕೃತಿಯ ಮೇಲೆ ಪದ್ಯ ಕಟ್ಟುವುದನ್ನು ಕಲಿಸುವ ಕಾರ್ಯಕ್ರಮ ಇದು. ನಲವತ್ತು ಮಂದಿ ಕವಿಗಳು ಬರುತ್ತಾರೆ. ಮೊದಲು ರುದ್ರಮ್ಮನ ಹಿಂದೆ ಬದುವಿನ ಮೇಲೆ ನಡಿಗೆ. ನಡೆಯುತ್ತಾ ಕವಿಗಳೇ ಸೊಪ್ಪು ಚಿವುಟಬೇಕು. ಅದೇ ಸೊಪ್ಪಿನಲ್ಲಿ ಮಧ್ಯಾಹ್ನದ ಮಸ್ಸೊಪ್ಪು. ಊಟವಾದ ಮೇಲೆ ಕವಿಗೋಷ್ಠಿ. ಹಾಗಂತ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ.

ಔಷಧಿ ಹೊಡೆಸಿದವರು ಯಾರು ಎಂದು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹೊಲದ ಮಾಲೀಕ ನಂಜೇಶ್ ಏಳು ಗಂಟೆಗೆ ಶಾಮಿಯಾನದವರನ್ನು ಕರೆದುಕೊಂಡು ಬಂದಾಗ ತಾನಾಗಿಯೇ ಹೇಳಿಕೊಳ್ಳುತ್ತಾರೆ.

“ಕವಿಗೋಳು ಬತ್ತರಲ್ಲ ಕಣಕ್ಕ, ಆವು ಗೀವು ಇದ್ದಾತು ಅಂತ ಬದ ಎಲ್ಲ ಕ್ಲೀನ್ ಮಾಡ್ಸವ ಅಂತಿದ್ದೆ. ಮೊನ್ನೆನೇ ಒಡಸ್ದೆ. ಎರಡೇ ದಿನಕ್ಕೆ ಒಣಗ್ತದೆ ಅಂದಿದ್ದ ಅಂಗಡಿಯವ್ನು. ನೋಡು, ಇನ್ನೂ ಅಸ್ರಾಗೇ ಅದೆ. ಮೋಸ ಮಾಡ್ಬುಟ್ಟ ನನ್ಮಗ.”

ಅವರಿಗೆ ಇರುವ ಬೇಸರ ಬದು ಇನ್ನೂ ಹಸಿರಾಗಿದೆ ಎಂಬುದು! ಗಣೇಶನ ಮಾಡು ಅಂದರೆ ಅವರಪ್ಪನ ಮಾಡಿದ ಎನ್ನುವುದು ಇದಕ್ಕೇ. ಹಸಿರು ನೋಡಲು ಬರುವವರಿಗಾಗಿ ಹಸಿರನ್ನೇ ಗುಡಿಸಿ ಹಾಕುವ ಬುದ್ಧಿ ನಮ್ಮವರಿಗೆ ಅದು ಹೇಗೆ ಬರುತ್ತದೋ ಆ ನಂಜುಂಡನೇ ಬಲ್ಲ. ನಂಜೇಶ್ ಕೆಟ್ಟವರಲ್ಲ, ಹೊಲವನ್ನು ಒಂದು ದಿನಕ್ಕೆ ಪುಕ್ಕಟೆಯಾಗಿ ಬಿಟ್ಟುಕೊಟ್ಟವರು. ಅದಕ್ಕೇ ರುದ್ರಮ್ಮನವರಿಗೆ ಪೂರ್ತಿ ಬೈಯುವುದಕ್ಕೂ ಆಗದೆ, ಸುಮ್ಮನಿರುವುದಕ್ಕೂ ಆಗದೆ ತಲೆ ಚಚ್ಚಿಕೊಳ್ಳುವಂತಾಗಿದೆ.

ಅರವತ್ಮೂರರ ರುದ್ರಮ್ಮ ಹುಟ್ಟಿದ್ದು ಹೆಡತಲೆಯಲ್ಲಿ, ಹದಿನೇಳಕ್ಕೆ ಮದುವೆಯಾಗಿ ಬಂದದ್ದು ಬಿಳಿಗೆರೆಗೆ. ಸೊಪ್ಪು ಕಲಿತದ್ದು ಅವ್ವನಿಂದ. ಮಾರುವುದಕ್ಕೆ ಶುರುಮಾಡಿ ನಲವತ್ತು ವರ್ಷವಾಯಿತು. ದಿನಕ್ಕೆ ಏಳೆಂಟು ಕಿಲೋಮೀಟರ್ ನಡಿಗೆ, ಐವತ್ತು ಕಟ್ಟು ಸೊಪ್ಪು, ಏಳೂವರೆಯ ಬಸ್ಸಿಗೆ ನಂಜನಗೂಡಿನ ಮಾರ್ಕೆಟ್ಟು. ಮಂಡಿ ನೋವಿನಿಂದ ಮನೆ ಹಿಡಿದಿರುವ ಗಂಡ ದೊಡ್ಡಸಿದ್ದಯ್ಯ ಜಗಲಿಯಲ್ಲಿ ಕೂತು ಸೊಪ್ಪು ಸೋಸಿ, ಬಾಳೆನಾರಿನಿಂದ ಕಟ್ಟು ಕಟ್ಟಿ ಕೊಡುತ್ತಾರೆ. ಅವರೂ ಮೂಸಿಯೇ ಕಟ್ಟುವುದು. ಇಬ್ಬರ ಮೂಗು ದಾಟದೆ ಒಂದೆಲೆಯೂ ಆ ಮನೆಯಿಂದ ಆಚೆ ಹೋಗುವುದಿಲ್ಲ.

ಇಷ್ಟು ಜಾಗರೂಕತೆ ಸುಮ್ಮನೆ ಬಂದದ್ದಲ್ಲ. ಹನ್ನೆರಡು ವರ್ಷದ ಹಿಂದೆ ಬೇರೆ ಯಾರೋ ಗೊತ್ತಿಲ್ಲದೆ ಔಷಧಿ ಹೊಡೆದ ಸೊಪ್ಪು ಮಾರಿ, ಒಂದು ಮನೆಯ ಮಂದಿಯೆಲ್ಲ ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರು. ಆಮೇಲೆ ಎರಡು ತಿಂಗಳು ಯಾರ ಬೆರಕೆ ಸೊಪ್ಪನ್ನೂ ಕೇಳುವವರೇ ಇರಲಿಲ್ಲ. “ಅಡ್ಕೆಗೆ ಓದ ಮಾನ ಆನೆ ಕೊಟ್ರೂ ಬರಕಿಲ್ಲ. ನನ್ನತ್ರ ಬಾಣಂತೀರು ತಕತಾರೆ, ಬಸ್ರೀರು ತಕತಾರೆ. ‘ರುದ್ರಮ್ಮ, ನಿನ್ ಸೊಪ್ಪಾದ್ರೆ ತೊಳ್ದು ಅಂಗೇ ಬೇಯಿಸ್ಬೋದು’ ಅಂತರೆ. ಅವರ ಒಟ್ಟೆಗೆ ಏನಾರ ಆದ್ರೆ ನಾನು ಯಾವ ಮಕ ಇಟ್ಕಂಡು ಬದುಕ್ಲಿ?” ಎನ್ನುತ್ತಾರೆ.

ಮೊದಲು ಊರ ಸುತ್ತ ಎಲ್ಲಿ ಬಗ್ಗಿದರೂ ಸೊಪ್ಪು. ಈಗ ಔಷಧಿ ಕಾಣದ ಬದುಗಳು ರುದ್ರಮ್ಮನವರ ಲೆಕ್ಕದಲ್ಲಿ ಬರೀ ನಾಲ್ಕು. ನಂಜೇಶ್ ಅವರದು ಅದರಲ್ಲಿ ಒಂದಾಗಿತ್ತು. ಇವತ್ತಿನಿಂದ ಮೂರು.

ಕವಿಗಳ ಸಹವಾಸ ಶುರುವಾಗಿ ಮೂರು ವರ್ಷ. ಬಳಗದ ಕಾರ್ಯದರ್ಶಿ, ನಿವೃತ್ತ ಹೈಸ್ಕೂಲು ಮೇಷ್ಟ್ರು ಮಹಾದೇವಸ್ವಾಮಿ ಒಮ್ಮೆ ನಂಜನಗೂಡಿನಲ್ಲಿ ಸೊಪ್ಪು ಕೊಳ್ಳುವಾಗ ಕಟ್ಟಿನೊಳಗಿನ ಎಲೆಗಳ ಹೆಸರು ಕೇಳಿದರು. ರುದ್ರಮ್ಮ ಒಂದೇ ಉಸಿರಿಗೆ ಇಪ್ಪತ್ತೆರಡು ಹೆಸರು ಹೇಳಿದರು. ಮೇಷ್ಟ್ರು ಅಲ್ಲೇ ಕೈಮುಗಿದು ಕಮ್ಮಟಕ್ಕೆ ಕರೆದರು. ಮೊದಲ ವರ್ಷ ಹೋದಾಗಲೇ ರುದ್ರಮ್ಮನವರಿಗೆ ಕವಿಗಳು ಏನೆಂಬುದು ತಿಳಿದುಹೋಯಿತು. ಬೆಳಿಗ್ಗೆಯೆಲ್ಲ ಬದುವಿನ ಮೇಲೆ ಒಂದೊಂದೇ ಗಿಡ ತೋರಿಸಿ ಹೆಸರು ಹೇಳಿದ್ದಾರೆ. ಕನ್ನೆ ಸೊಪ್ಪಿನ ನೀಲಿ ಹೂವನ್ನು ಕೈಗೇ ಕೊಟ್ಟಿದ್ದಾರೆ. ಮಧ್ಯಾಹ್ನ ನಂಜನಗೂಡಿನ ಕವಯಿತ್ರಿ ಪವಿತ್ರಾ ವೇದಿಕೆಗೆ ಬಂದು ‘ಹೆಸರಿಲ್ಲದ ನೀಲಿ ಹೂವೇ’ ಎಂದು ಪದ್ಯ ಓದಿದರು.

“ನಂಗೆ ಮೈಯೆಲ್ಲ ಉರ್ದೋಯ್ತು. ಕುಂತಲ್ಲಿಂದ್ಲೇ ಕೂಗ್ದೆ, ‘ಎಸ್ರಿಲ್ಲ ಅಂತ ಯಾರವ್ವ ಅಂದೋರು? ಕನ್ನೆ ಸೊಪ್ಪು ಕಣವ್ವ ಅದು. ಬೆಳಿಗ್ಗೆ ತಾನೆ ಏಳ್ಕೊಟ್ನಲ್ಲ!’ ಎಲ್ಲಾ ನಕ್ಬುಟ್ರು. ಅಲ್ಲ, ಎಸ್ರು ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಪಡದು ಬುಟ್ಟು, ಊವ್ಗೆ ಎಸ್ರೇ ಇಲ್ಲ ಅನ್ನದಾ?”

ಪವಿತ್ರಾ ಅವರು ಆ ದಿನವೇ ಬಂದು ತಪ್ಪಾಯಿತು ಎಂದು ಹೇಳಿ, ಮಾರನೆ ವರ್ಷದಿಂದ ನೋಟ್‌ಬುಕ್ ಹಿಡಿದು ರುದ್ರಮ್ಮನ ಬೆನ್ನಿಗೇ ನಡೆಯುತ್ತಾರೆ ಅನ್ನುವುದನ್ನೂ ಹೇಳಬೇಕು.

ಎಂಟು ಗಂಟೆಗೆ ಮಹಾದೇವಸ್ವಾಮಿ ಬರುತ್ತಾರೆ. ವಿಷಯ ಕೇಳಿ ಮುಖದ ಬಣ್ಣ ಇಳಿಯುತ್ತದೆ. ಶಾಮಿಯಾನ ಎದ್ದಿದೆ, ಅಡುಗೆಯವರು ಒಲೆ ಹೂಡಿದ್ದಾರೆ, ಅತಿಥಿಗಳು ಮೈಸೂರಿನಿಂದ ಹೊರಟಾಗಿದೆ. ಆಚೀಚೆ ನೋಡಿ, ದನಿ ತಗ್ಗಿಸಿ, ಒಂದು ದಾರಿ ಹುಡುಕುತ್ತಾರೆ.

“ಅಮ್ಮಾ, ಸೊಪ್ಪನ್ನ ಪೇಟೆಯಿಂದ ತರಿಸಿಬಿಡ್ತೀನಿ. ನೀವು ನಡಿಗೆ ಒಂದು ಮಾಡಿಸಿಬಿಡಿ. ಔಷಧಿ ವಿಷಯ ಕವಿಗಳ ಕಿವಿಗೆ ಹಾಕೋದು ಬೇಡ. ನೋಡೋಕೆ ಚೆನ್ನಾಗಿ ಹಸಿರಾಗೇ ಇದೆಯಲ್ಲ.”

ರುದ್ರಮ್ಮನವರಿಗೆ ಸಿಟ್ಟು ನೆತ್ತಿಗೇರುವುದಕ್ಕೆ ಇಷ್ಟು ಸಾಕು. “ಓದ್ ವರ್ಸ ಒನಗೊನೆ ಸೊಪ್ಪ ಅಸಿದೇ ತಿಂದ್ ನೋಡಿ ಅಂತ ಬಾಯಿಗಿಕ್ಕುದ್ದು ಯಾರು ಸಾ? ನಾನೇ ಅಲ್ವಾ? ಈಗ್ಲೂ ಚಿವುಟಿ ಬಾಯಿಗ್ ಆಕತಾರೆ. ಬ್ಯಾಡಿ ಅಂದ್ರೆ ಯಾಕೆ ಅಂತರೆ. ಆಗ ಏನನ್ಲಿ, ಸುಳ್ಳೇಳ್ಲಾ? ನೀವು ಮೇಷ್ಟ್ರಾಗಿ ನಂಗೆ ಇದ ಏಳ್ಕೊಡ್ತೀರಾ?”

ಒಂಬತ್ತಕ್ಕೆ ಕವಿಗಳು ಬಂದಿಳಿಯುತ್ತಾರೆ. ಹೊಸ ಕಾಟನ್ ಸೀರೆ, ಇಸ್ತ್ರಿ ಮಾಡಿದ ಜುಬ್ಬಾ, ಹೆಗಲಿಗೆ ಬಟ್ಟೆಯ ಚೀಲ. ರುದ್ರಮ್ಮ ಬದುವಿಗೆ ಅಡ್ಡವಾಗಿ ನಿಂತು ಎರಡೂ ಕೈ ಚಾಚಿ, ಸುತ್ತಿ ಬಳಸದೆ ಹೇಳುತ್ತಾರೆ: “ಯಾರೂ ಈಚೆಗ್ ಬರ್ಬೇಡಿ. ಔಸ್ದಿ ಒಡ್ದದೆ. ಒಂದೆಲೆ ಮುಟ್ಟಬ್ಯಾಡಿ, ಬಾಯಿಗಂತೂ ಇಕ್ಲೇಬೇಡಿ. ಸೊಪ್ಪು ನೋಡೋರು ನನ್ ಇಂದೆ ಬನ್ನಿ, ಬ್ಯಾರೆ ಕಡೀಕ್ ಕರ್ಕಂಡೋಯ್ತೀನಿ.”

ಬೇರೆ ಕಡೆ ಅಂದರೆ ಒಂದೂವರೆ ಕಿಲೋಮೀಟರ್ ದೂರದ, ನೆರಳಿಲ್ಲದ, ಮುಳ್ಳು ಮುಚ್ಚಿದ ಇನ್ನೊಂದು ಬದು. ದಾರಿಯುದ್ದಕ್ಕೂ ಗೊಣಗಾಟ. ಒಬ್ಬರ ಚಪ್ಪಲಿಯ ಉಂಗುಟ ಕಿತ್ತುಹೋಗುತ್ತದೆ. ಇನ್ನೊಬ್ಬರು ‘ಇನ್ನೆಷ್ಟು ದೂರ’ ಎಂದು ಹತ್ತು ಹೆಜ್ಜೆಗೊಮ್ಮೆ ಕೇಳುತ್ತಾರೆ. ಮತ್ತೊಬ್ಬರು ಪ್ರತಿ ಗಿಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಆದರೆ ಗಿಡಕ್ಕೆ ಬೆನ್ನು ಹಾಕಿ. “ಪ್ರಕೃತಿ ಪ್ರಕೃತಿ ಅಂತ ಅಷ್ಟುದ್ದ ಬರೀತಾರೆ, ಒಂದ್ ಮುಳ್ಳು ಚುಚ್ಚುದ್ರೆ ಅವ್ವಾ ಅಂತರೆ” ಎಂದು ರುದ್ರಮ್ಮ ಪವಿತ್ರಾ ಅವರ ಕಿವಿಯಲ್ಲಿ ಗೊಣಗುತ್ತಾರೆ. ಪವಿತ್ರಾ ನಗುತ್ತಾ ಬರೆದುಕೊಳ್ಳುತ್ತಾರೆ. ಅತ್ತ ಹೊಲದಲ್ಲಿ ಮುಖ್ಯ ಅತಿಥಿಗಳು ಕಾರಿನಿಂದ ಇಳಿದು ನೋಡಿದರೆ ಶಾಮಿಯಾನದಲ್ಲಿ ಖಾಲಿ ಕುರ್ಚಿಗಳು. ನಂಜೇಶ್ ಒಬ್ಬರೇ ಹಾರ ಹಿಡಿದು ನಿಂತಿದ್ದಾರೆ.

ಏನೇ ಆಗಲಿ, ಹನ್ನೊಂದು ಗಂಟೆಗೆ ಮೂರು ಕುಕ್ಕೆ ಒಳ್ಳೆಯ ಸೊಪ್ಪು ಒಲೆಯ ಬಳಿ ಬರುತ್ತದೆ. ರುದ್ರಮ್ಮ ಒಂದೊಂದೇ ಹಿಡಿ ಮೂಸಿ ಕೊಟ್ಟ ಮೇಲೆಯೇ ಅಡುಗೆಯವರು ತೊಳೆಯುತ್ತಾರೆ. ಗೊಣಗಿದವರೇ ಮೂರು ಮೂರು ಸಲ ಮಸ್ಸೊಪ್ಪು ಬಡಿಸಿಕೊಳ್ಳುತ್ತಾರೆ.

ಗೋಷ್ಠಿಯಲ್ಲಿ ಐದು ಮಂದಿ ಆಗಲೇ ಔಷಧಿ ಹೊಡೆದ ಬದುವಿನ ಮೇಲೆ ಪದ್ಯ ಬರೆದು ತಂದಿದ್ದಾರೆ. ಒಬ್ಬರು ಬದುವನ್ನು ತಾಯಿ ಅನ್ನುತ್ತಾರೆ, ಇನ್ನೊಬ್ಬರು ಹೆಣ ಅನ್ನುತ್ತಾರೆ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತ ರುದ್ರಮ್ಮ ಮಾತ್ರ ಬದುವಿನ ಕಡೆಗೇ ನೋಡುತ್ತಿದ್ದಾರೆ. ನಾಳೆ ಬೆಳಗಾದರೆ ಹೆಡತಲೆಯ ಕಡೆಯಿಂದ ಇನ್ನೂ ಐದಾರು ಹೆಂಗಸರು ಸೊಪ್ಪಿಗೆ ಇದೇ ಬದುವಿಗೆ ಬರುತ್ತಾರೆ. ಹಸಿರಾಗಿರುವುದು ಕಾಣುತ್ತದೆ, ಕಿತ್ತುಕೊಂಡು ಹೋಗುತ್ತಾರೆ, ಯಾರದೋ ಮನೆಯ ಒಲೆಯ ಮೇಲೆ ಬೇಯುತ್ತದೆ. ಇಷ್ಟು ಜನ ಓದು ಬರಹ ಬಲ್ಲವರಲ್ಲಿ ಒಬ್ಬರಿಗೂ ಈ ಯೋಚನೆ ಬಂದಿಲ್ಲ.

ಕಾರ್ಯಕ್ರಮ ಮುಗಿದು ಕುರ್ಚಿ ಜೋಡಿಸುವಾಗ ರುದ್ರಮ್ಮ ವೇದಿಕೆಯ ಫ್ಲೆಕ್ಸನ್ನು ತಾವೇ ಬಿಚ್ಚಿ ನೆಲಕ್ಕೆ ಮಗುಚಿ ಹಾಕುತ್ತಾರೆ. ಅಡುಗೆಯವರ ಒಲೆಯಿಂದ ಇದ್ದಿಲು ತಂದು ಮೇಷ್ಟ್ರ ಕೈಗೆ ಕೊಡುತ್ತಾರೆ.

“ಬರೀರಿ ಸಾ. ಈ ಬದುಗೆ ಔಸ್ದಿ ಒಡ್ದದೆ, ಸೊಪ್ಪು ಕುಯ್ಬೇಡಿ ಅಂತ.”

ಎಂಟು ಕವನ ಸಂಕಲನ ತಂದಿರುವ ಮಹಾದೇವಸ್ವಾಮಿ ಮಂಡಿಯೂರಿ ಕೂತು ಬರೆಯುತ್ತಾರೆ. ಬರೆದದ್ದನ್ನು ಓದಿ ಹೇಳುತ್ತಾರೆ: “ಸಾರ್ವಜನಿಕರು ದಯಮಾಡಿ ಸೊಪ್ಪನ್ನು ಕೊಯ್ಯಬಾರದಾಗಿ ವಿನಂತಿ.”

“ವಿನಂತಿ ಯಾತಕ್ಕೆ? ಸಾಯ್ತೀರಾ ಅಂತ ಬರೀರಿ.”

ಮೇಷ್ಟ್ರು ಒರೆಸಿ ಮತ್ತೆ ಬರೆಯುತ್ತಾರೆ. ನಂಜೇಶ್ ಎರಡು ಬಿದಿರ ಗಳು ತಂದು ನೆಡುತ್ತಾರೆ. ಫ್ಲೆಕ್ಸು ಬದುವಿನ ತುದಿಯಲ್ಲಿ ನಿಲ್ಲುತ್ತದೆ. ರುದ್ರಮ್ಮ ಎರಡು ಮಾರು ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು, ತಮಗೆ ಓದಲು ಬಾರದ ಆ ಅಕ್ಷರಗಳನ್ನು ಸುಮಾರು ಹೊತ್ತು ನೋಡುತ್ತಾರೆ. ನೋಡನೋಡುತ್ತಾ ಮುಖ ಗಂಟಿಕ್ಕುತ್ತದೆ.

“ಚೆನ್ನಾಗದೆ ಸಾ. ಆದ್ರೆ ಸೊಪ್ಪು ಕುಯ್ಯಕೆ ಬರೋ ಎಂಗುಸ್ರಲ್ಲಿ ಯಾರ್ಗೂ ಓದಕ್ ಬರಕಿಲ್ವಲ್ಲ.”

ಮೇಷ್ಟ್ರು ಇದ್ದಿಲು ಹಿಡಿದ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ, ಪಂಚೆಯೂ ಕಪ್ಪಾಗುತ್ತದೆ.

“ಓಗ್ಲಿ ಬುಡಿ. ನಾಳೆ ನಾನು ಮಾರ್ಕೆಟ್‌ಗೆ ಓಗಕಿಲ್ಲ. ಕೋಳಿ ಕೂಗೋ ಒತ್ಗೆ ಬಂದು ಇಲ್ಲೇ ನಿಂತ್ಕತೀನಿ, ಎಲೆ ಅಳದಿಯಾಗೋಗಂಟ ದಿನಾ ನಿಂತ್ಕತೀನಿ. ಇವತ್ತಿನ ಗಂಟ ನನ್ ಸೊಪ್ಪು ತಿಂದು ಒಬ್ರಿಗೂ ಒಟ್ಟೆ ನೊಂದಿಲ್ಲ. ನಾನು ಮಾರಿಲ್ಲ ಅಂದ ಮಾತ್ರಕ್ಕೆ ಬ್ಯಾರೆಯೋರ ಒಟ್ಟೆ ನೊಂದ್ರೆ ಸರೀನಾ?”

“ನಾನೂ ಬರ್ತೀನಮ್ಮ” ಎನ್ನುತ್ತಾರೆ ಮಹಾದೇವಸ್ವಾಮಿ ಮೆಲ್ಲಗೆ.

ರುದ್ರಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡುತ್ತಾರೆ.

“ಬನ್ನಿ ಸಾ. ಪದ್ಯ ಗಿದ್ಯ ತರಬ್ಯಾಡಿ. ಗಂಟಲು ತಕ್ಕಬನ್ನಿ, ಆ ಕೊನೇಲಿ ನಿಂತ್ಕಂಡು ಕೂಗೋಕೆ ಒಂದಾಳು ಬೇಕು.”