ರುಕ್ಸಾನಾಳ ಯೂನಿಫಾರ್ಮ್

ಕೋವಿಡ್ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಶಹಾಪುರ ತಾಲ್ಲೂಕಿನಲ್ಲಿ ಇಂಗ್ಲಿಷ್ ವಿಷಯದ ಬಿ.ಆರ್.ಪಿ. ಆಗಿದ್ದೆ. ಅಂದರೆ ಬೈಕಿನಲ್ಲಿ ಊರೂರು ಅಲೆದು, ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ಪಾಠ ಮಾಡುವ ಹೊಸ ವಿಧಾನಗಳನ್ನು ತೋರಿಸಿಕೊಡುವ ಕೆಲಸ. ಆಗ ಎಲ್ಲರ ಬಾಯಲ್ಲೂ ಆಕ್ಟಿವಿಟಿಯದೇ ಮಾತು. ಮಗು ಕೈಯಾರೆ ಏನಾದರೂ ಮಾಡುತ್ತ ಭಾಷೆ ಕಲಿಯಬೇಕು ಎಂಬುದು ಅದರ ಸಾರ. ನನಗೆ ಅದರಲ್ಲಿ ನಂಬಿಕೆಯಿತ್ತು, ಈಗಲೂ ಇದೆ. ಹೇಸಿಗೆ ಹುಟ್ಟಿದ್ದು ಅದನ್ನು ನಾಟಕ ಮಾಡಿದವರ ಮೇಲೆ.

ಕಾಲುವೆ ಪಕ್ಕದ ಒಂದು ಊರಿನ ಐದನೇ ತರಗತಿಗೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ಅಲ್ಲಿ ರುಕ್ಸಾನಾ ಎಂಬ ಹುಡುಗಿಯಿದ್ದಳು. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಅದರ ಮೇಲೆ ಇಂಗ್ಲಿಷ್. ಮೂರರ ನಡುವೆ ಸಿಕ್ಕಿ ಬಾಯಿಯನ್ನೇ ಮುಚ್ಚಿಕೊಂಡಿದ್ದಳು. ಒಂದು ದಿನ ಚುರುಮುರಿ ಕಲಸುವ ಪಾಠ ಇಟ್ಟೆವು. ಒಬ್ಬರು ಇಂಗ್ಲಿಷಿನಲ್ಲಿ ಹೇಳಬೇಕು, ಉಳಿದವರು ಹೇಳಿದ್ದನ್ನಷ್ಟೇ ಮಾಡಬೇಕು. ಒಬ್ಬ ಹುಡುಗ ನಿಂಬೆಹಣ್ಣು ಹಿಂಡದೆ ಹಾಗೇ ಕಲಸತೊಡಗಿದಾಗ ರುಕ್ಸಾನಾಗೆ ತಡೆಯಲಾಗಲಿಲ್ಲ. "ನೋ, ನೋ, ಲೆಮನ್ ಫಸ್ಟ್" ಎಂದು ಅವನ ಕೈ ಹಿಡಿದಳು. ತರಗತಿ ಅವಳ ದನಿ ಕೇಳಿದ್ದೇ ಅಂದು. ಆಮೇಲಿನ ವಾರಗಳಲ್ಲಿ ಅವಳದೇ ಮುಂದಾಳತ್ವ.

ಜಿಲ್ಲೆಯಿಂದ ಅಧಿಕಾರಿಯೊಬ್ಬರು ಪಾಠ ನೋಡಲು ಬರುವುದು ಗೊತ್ತಾದಾಗ, ಅವತ್ತು ರುಕ್ಸಾನಾಳೇ ಹೇಳಿಕೊಡಲಿ ಎಂದು ಗೊತ್ತು ಮಾಡಿದೆವು. ಮನೆಯ ಗಿಡದ ನಿಂಬೆಹಣ್ಣು ತಾನೇ ತರುತ್ತೇನೆಂದಳು.

ಆ ದಿನ ಅಧಿಕಾರಿಯ ಜೊತೆ ಹೋಗಿ ತರಗತಿಯಲ್ಲಿ ಕೂತೆ. ನಿಂಬೆಹಣ್ಣು ಮೇಜಿನ ಮೇಲಿದ್ದವು. ಹೇಳಿಕೊಡಲು ನಿಂತವಳು ಬೇರೆ ಯಾರೋ. ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಿದ್ದಳು. ನಾನು ಎದ್ದು ಹೊರಗೆ ಹುಡುಕಿದೆ. ಬಿಸಿಯೂಟದ ಅಡುಗೆ ಕೋಣೆಯ ಹಿಂದೆ ರುಕ್ಸಾನಾ ಹಳೆಯ ಫ್ರಾಕಿನಲ್ಲಿ ಕೂತಿದ್ದಳು. ಶಹಾಪುರದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದುವ ತಮ್ಮ ಅಣ್ಣನ ಮಗಳನ್ನು ಮುಖ್ಯಗುರುಗಳು ಕರೆತಂದಿದ್ದರು. ಇವಳನ್ನು ಮನೆಗೆ ಕಳಿಸಿ ಬಟ್ಟೆ ಬದಲಿಸಿಕೊಂಡು ಬರಲು ಹೇಳಿ, ಇವಳ ಯೂನಿಫಾರ್ಮನ್ನು ಅವಳಿಗೆ ತೊಡಿಸಿದ್ದರು.

"ಈಕಿ ತಪ್ಪು ಮಾತಾಡ್ತಾಳ್ರಿ. ಸಾಹೇಬ್ರ ಮುಂದ ಸಾಲಿ ಮರ್ಯಾದಿ ಹೋಗಬಾರದು ನೋಡ್ರಿ" ಎಂದರು ನನ್ನ ಹಿಂದೆಯೇ ಬಂದ ಮುಖ್ಯಗುರುಗಳು, ನಾಚಿಕೆಯ ಲವಲೇಶವೂ ಇಲ್ಲದೆ.

ಸೀದಾ ಒಳಗೆ ಹೋಗಿ ಅಧಿಕಾರಿಗೆ ನಡೆದದ್ದನ್ನೆಲ್ಲ ಹೇಳಿದೆ. ರುಕ್ಸಾನಾಳನ್ನು ಕರೆಯುತ್ತೇನೆ, ನೀವೇ ಕೇಳಿ ಎಂದೆ. ಅವರು ಚುರುಮುರಿ ಬಾಯಿಗೆ ಹಾಕಿಕೊಳ್ಳುತ್ತ, "ಇರ್ಲಿ ಬಿಡ್ರಿ, ಪಾಠ ಚಲೋ ಆಗೇದಲ್ಲ" ಎಂದರು. ಮಗುವಿನ ಮೈಮೇಲಿನ ಬಟ್ಟೆ ಕಸಿದದ್ದು ಗೊತ್ತಾದ ಮೇಲೂ ಆ ಮನುಷ್ಯ ಅವಳ ಮನೆಯ ನಿಂಬೆಹಣ್ಣಿನ ಹುಳಿಯನ್ನು ಚಪ್ಪರಿಸುತ್ತಿದ್ದ. ಮೇಲಕ್ಕೆ ದೂರು ಬರೆದೆ. ಏನೂ ಆಗಲಿಲ್ಲ; ಶಾಲೆಗೆ ಮೆಚ್ಚುಗೆ ಪತ್ರ ಬಂತು. ಥೂ!

ಮರುವಾರ ತರಗತಿಯಲ್ಲಿ ರುಕ್ಸಾನಾ ಯೂನಿಫಾರ್ಮ್ ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು. ಬಾರವ್ವ, ಇವತ್ತು ನೀನು ಹೇಳಿಕೊಡು ಎಂದು ಕರೆದೆ. ಅವಳು ತಲೆಯೆತ್ತಲಿಲ್ಲ.

"ಅಂಗಿ ವಾಪಸ್ ಕೊಟ್ಟಾರ್ರಿ ಸರ್. ಮಾತಾಡಾಕ ಅಕಿನ್ನೇ ಕರೀರಿ."

ಆ ವರ್ಷ ಮುಗಿಯುವವರೆಗೂ ಅವಳು ನನ್ನೆದುರು ಒಂದೂ ಇಂಗ್ಲಿಷ್ ಪದ ಆಡಲಿಲ್ಲ. ಈಗ ನಾನು ಯಾವ ಶಾಲೆಗೆ ಹೋದರೂ ಕುರ್ಚಿ, ಚಹಾ, ಸ್ವಾಗತಗೀತೆ ಎಲ್ಲ ಆಮೇಲೆ. ಮೊದಲು ಅಡುಗೆ ಕೋಣೆಯ ಹಿಂದೆ ಹೋಗಿ ನೋಡುತ್ತೇನೆ.